ಹಳೆಯ ಕಾರಿನ ರೇಡಿಯೊವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬಹುದೇ?

ಪ್ರಶ್ನೆ: 1950ರ ದಶಕದ ಆರಂಭದ ಕಾರೊಂದು ನನ್ನ ಕೈಸೇರಿದೆ. ಅದರ ಮೂಲ ರೇಡಿಯೊ ಬಹಳ ವರ್ಷಗಳಿಂದ ಮೌನವಾಗಿದೆ. ಬ್ಯಾಟರಿಗೆ ಜೋಡಿಸಿ ಪರೀಕ್ಷಿಸಬಹುದೇ?

ಉತ್ತರ: ದಯವಿಟ್ಟು ಬೇಡ, ಸ್ವಲ್ಪ ತಾಳಿ. ದಶಕಗಳ ಕಾಲ ಸುಮ್ಮನಿದ್ದೂ ಕೆಡದ ರೇಡಿಯೊ ಮೊದಲ ಒಂದು ನಿಮಿಷದ ಆತುರಕ್ಕೆ ಸುಟ್ಟುಹೋಗಬಹುದು.

ಆ ಕಾಲದ ರೇಡಿಯೊದ ವಾಲ್ವ್‌ಗಳಿಗೆ, ಅಂದರೆ ಸಂಕೇತವನ್ನು ಹಿಗ್ಗಿಸುವ ಗಾಜಿನ ನಳಿಕೆಗಳಿಗೆ, ಸುಮಾರು 200 ವೋಲ್ಟ್ ಬೇಕು, ಬ್ಯಾಟರಿ ಕೊಡುವುದು 6 ಅಥವಾ 12. ಈ ಅಂತರವನ್ನು ತುಂಬುವುದು ವೈಬ್ರೇಟರ್. ಅದರೊಳಗಿನ ಲೋಹದ ಪಟ್ಟಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಅದುರುತ್ತಾ ವಿದ್ಯುತ್ತನ್ನು ತುಂಡರಿಸುತ್ತದೆ. ಆ ಮಿಡಿತವನ್ನು ಟ್ರಾನ್ಸ್‌ಫಾರ್ಮರ್ ಹೆಚ್ಚಿನ ವೋಲ್ಟೇಜಿಗೆ ಏರಿಸುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಅಡ್ಡಲಾಗಿ ಬಫರ್ ಕೆಪಾಸಿಟರ್ ಎಂಬ ಪುಟ್ಟ ಭಾಗವಿದೆ. ನನ್ನ ಚಿಂತೆಯೆಲ್ಲ ಅದರ ಬಗ್ಗೆಯೇ. ಅದರೊಳಗಿನ ನಿರೋಧಕ ಕಾಗದ ವಯಸ್ಸಾದಂತೆ ವಿದ್ಯುತ್ತನ್ನು ಸೋರಿಸತೊಡಗುತ್ತದೆ. ಅದು ಶಾರ್ಟ್ ಆದರೆ ವೈಬ್ರೇಟರ್‌ನ ಸಂಪರ್ಕ ಬಿಂದುಗಳು ಬೆಸೆದುಕೊಳ್ಳುತ್ತವೆ. ಟ್ರಾನ್ಸ್‌ಫಾರ್ಮರ್ ಕೂಡ ಸುಡಬಹುದು, ಅದೇ ಮಾದರಿಯ ಇನ್ನೊಂದು ಸಿಗುವುದು ಕಷ್ಟ. ಆದ್ದರಿಂದ ಸ್ವಿಚ್ ಮುಟ್ಟುವ ಮೊದಲೇ ಬಫರ್ ಬದಲಿಸಿ. ಹೊಸದರ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಅಳತೆ) ಹಳೆಯದರಷ್ಟೇ ಇರಲಿ, ತಾಳಿಕೆ 1600 ವೋಲ್ಟ್‌ಗೆ ಕಡಿಮೆ ಬೇಡ. ಉಳಿದ ಕಾಗದದ ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿಗೂ ಇದೇ ಗತಿ ಕಾದಿದೆ, ಕೈ ಹಾಕಿದಾಗಲೇ ಬದಲಿಸುವುದು ಒಳ್ಳೆಯದು.

ಇನ್ನು ಧ್ರುವದ ವಿಚಾರ. ಬ್ರಿಟನ್ನಿನ ಅನೇಕ ಕಾರುಗಳಲ್ಲಿ, 1955ರವರೆಗಿನ ಅಮೆರಿಕದ ಫೋರ್ಡ್‌ಗಳಲ್ಲಿ ಬ್ಯಾಟರಿಯ ಧನ ತುದಿಯೇ ಕಾರಿನ ಲೋಹದ ಮೈಗೆ ಸೇರಿದೆ. ಕೆಲವು ವಾಲ್ವ್ ರೇಡಿಯೊಗಳು ಇದನ್ನು ಲೆಕ್ಕಿಸುವುದಿಲ್ಲ. ಆದರೆ ನಂತರ ಬಂದ ಟ್ರಾನ್ಸಿಸ್ಟರ್ ರೇಡಿಯೊಗಳನ್ನು ತಿರುಗುಮುರುಗಾಗಿ ಜೋಡಿಸಿದರೆ ಕ್ಷಣದಲ್ಲಿ ಹಾಳಾಗುತ್ತವೆ.

ಈಗ ಪರೀಕ್ಷೆ. ವಿದ್ಯುತ್ ಪ್ರವಾಹಕ್ಕೆ ಮಿತಿ ಹಾಕಬಲ್ಲ ಪವರ್ ಸಪ್ಲೈಯನ್ನು ಬಳಸಿ, ಫ್ಯೂಸ್ ಹಾಕಿ. ಸ್ಪೀಕರ್ ಇಲ್ಲದೆ ಎಂದೂ ಚಾಲೂ ಮಾಡಬೇಡಿ. ಒಳಗಿನ ಹೆಚ್ಚಿನ ವೋಲ್ಟೇಜು ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ, ಬೆರಳು ತಾಗಬಾರದು. ಎಲ್ಲ ಸರಿಯಿದ್ದರೆ ಮೊದಲು ವೈಬ್ರೇಟರ್‌ನ ಗುಂಯ್ ಎಂಬ ನಾದ ಕೇಳಿಸುತ್ತದೆ, ವಾಲ್ವ್‌ಗಳು ಕಾದ ಮೇಲೆ ದನಿ ಬರುತ್ತದೆ. ಆ ಗುಂಯ್‌ಗುಡುವಿಕೆ ನನಗೆ ಸಂಗೀತದಷ್ಟೇ ಪ್ರಿಯ.

ಶಬ್ದವಿದ್ದೂ ಸ್ಟೇಷನ್‌ಗಳು ಕ್ಷೀಣವಾಗಿದ್ದರೆ ರೇಡಿಯೊವನ್ನು ದೂಷಿಸುವ ಮೊದಲು ಏರಿಯಲ್ ಟ್ರಿಮ್ಮರ್ ತಿರುಪನ್ನು, ಅಂದರೆ ರೇಡಿಯೊವನ್ನು ಏರಿಯಲ್‌ಗೆ (ಆಂಟೆನಾಗೆ) ಹೊಂದಿಸುವ ತಿರುಪನ್ನು, ನೋಡಿ. ಕಾರಿನದೇ ಏರಿಯಲ್ ಜೋಡಿಸಿ, 1400 ಕಿಲೊಹರ್ಟ್ಸ್ ಸುತ್ತಮುತ್ತಲಿನ ದುರ್ಬಲ ಸ್ಟೇಷನ್ ಹಿಡಿದು, ದನಿ ಅತಿ ಜೋರಾಗುವವರೆಗೆ ಅದನ್ನು ಮೆಲ್ಲಗೆ ತಿರುಗಿಸಿ. ಎಂಜಿನ್ ಓಡುವಾಗ ಮಾತ್ರ ಗರಗರ ಬಂದರೆ ದೋಷ ಹೆಚ್ಚಾಗಿ ರೇಡಿಯೊದಲ್ಲಿಲ್ಲ, ಇಗ್ನಿಷನ್ ಅಥವಾ ಜನರೇಟರ್‌ನ ಶಬ್ದನಿರೋಧಕ ಭಾಗಗಳಲ್ಲಿದೆ.

ಹಳೆಯ ರೇಡಿಯೊದ ಹೊಟ್ಟೆ ಬಗೆದು ಬ್ಲೂಟೂತ್ ತುಂಬುವುದನ್ನು ನಾನು ಒಪ್ಪಲಾರೆ. ಕೆಟ್ಟ ವೈಬ್ರೇಟರ್ ಬದಲಿಗೆ ಎಲೆಕ್ಟ್ರಾನಿಕ್ ವೈಬ್ರೇಟರ್ ಹಾಕುವುದಾದರೆ ಅಡ್ಡಿಯಿಲ್ಲ, ಹಳೆಯದನ್ನು ಮಾತ್ರ ಎಸೆಯದೆ ಚೀಟಿ ಅಂಟಿಸಿ ಕಾರಿನ ಕಾಗದಪತ್ರಗಳ ಜೊತೆ ಇಡಿ.