ಗಾಳಕ್ಕೆ ಸಿಕ್ಕ ಮೀನನ್ನು ವಾಪಸ್ ಬಿಟ್ಟರೂ ತಪ್ಪೇ?

ಮೀನು ಹಿಡಿದು, ಕೊಕ್ಕೆ ಬಿಡಿಸಿ, ಹಾಗೇ ನೀರಿಗೆ ಬಿಟ್ಟರೆ ಯಾರಿಗೇನು ನಷ್ಟ? ತಿನ್ನುವುದೂ ಇಲ್ಲ, ಮಾರುವುದೂ ಇಲ್ಲ. ಆದರೂ 2010ರಲ್ಲಿ ಅಮೆರಿಕದ ದಕ್ಷಿಣಕ್ಕಿರುವ ಗಲ್ಫ್ ಆಫ್ ಮೆಕ್ಸಿಕೋದಲ್ಲಿ ಅದನ್ನೂ ನಿಷೇಧಿಸಿದರು. ಕೇಳಿದ ತಕ್ಷಣ ಅತಿಯಾಯ್ತು ಅನ್ನಿಸುತ್ತೆ, ಅಲ್ವಾ? ಒಳಗಿನ ವಿಜ್ಞಾನ ನೋಡಿದ ಮೇಲೆ ನನಗಂತೂ ಹಾಗನ್ನಿಸುವುದಿಲ್ಲ.

ಆ ವರ್ಷ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ರಿಗ್ ಸ್ಫೋಟಿಸಿತು. 11 ಜನ ಸತ್ತರು. ಸಮುದ್ರದ ತಳದ ಬಾವಿಯಿಂದ 87 ದಿನ ಕಚ್ಚಾ ತೈಲ ಉಕ್ಕುತ್ತಲೇ ಇತ್ತು. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ಮೇ 2ರಿಂದಲೇ ಮೀನುಗಾರಿಕೆ ನಿಲ್ಲಿಸತೊಡಗಿತು. ತೈಲ ಹರಡಿದಂತೆ ಗಡಿಯೂ ಹಿಗ್ಗಿತು. ಜೂನ್ 2ರ ಹೊತ್ತಿಗೆ ಮುಚ್ಚಿದ ಪ್ರದೇಶ ಸುಮಾರು 2.29 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕಕ್ಕಿಂತ ದೊಡ್ಡದು! ಗಲ್ಫ್‌ನಲ್ಲಿ ಕೇಂದ್ರ ಸರ್ಕಾರದ ವ್ಯಾಪ್ತಿಯ ನೀರಿನಲ್ಲಿ ಅದು ಶೇಕಡಾ 37ರಷ್ಟು. ಅಲ್ಲಿ ದೋಣಿ ದಾಟಿಕೊಂಡು ಹೋಗಬಹುದಿತ್ತು, ಗಾಳ ಇಳಿಸುವಂತಿರಲಿಲ್ಲ.

ತೀರಕ್ಕೆ ಹತ್ತಿರದ ನೀರು ಆಯಾ ರಾಜ್ಯದ್ದು. ಫ್ಲಾರಿಡಾಕ್ಕೆ ಗಲ್ಫ್ ಕಡೆ 9 ನಾಟಿಕಲ್ ಮೈಲಿ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾಗಳಿಗೆ 3. ಫ್ಲಾರಿಡಾ ತನ್ನ ಎಸ್ಕಾಂಬಿಯಾ ಜಿಲ್ಲೆಯ ತೀರದಲ್ಲಿ ಮೀನು ಇಟ್ಟುಕೊಳ್ಳುವುದನ್ನು ನಿಷೇಧಿಸಿದರೂ ಹಿಡಿದು ಬಿಡುವುದಕ್ಕೆ ಅವಕಾಶ ಕೊಟ್ಟಿತ್ತು. ಗೆರೆಯ ಈಚೆ ಸರಿ, ಆಚೆ ತಪ್ಪು.

ಆಚೆ ಯಾಕೆ ತಪ್ಪು ಅಂದರೆ, ಮೊದಲು ಮೀನಿನ ದೇಹವನ್ನೇ ನೋಡಿ. ಗಲ್ಫ್‌ನಲ್ಲಿ ಎಲ್ಲರೂ ಆಸೆಪಡುವ ರೆಡ್ ಸ್ನ್ಯಾಪರ್, ನಮ್ಮ ಕರಾವಳಿಯ ಕೆಂಬೇರಿಯ ಬಳಗದ್ದು, ಆಳದಲ್ಲಿ ಇರುವ ಮೀನು. ಸರಕ್ಕನೆ ಮೇಲಕ್ಕೆ ಎಳೆದರೆ ಸುತ್ತಲಿನ ಒತ್ತಡ ಇಳಿದು ಒಳಗಿನ ಗಾಳಿಚೀಲ ಹಿಗ್ಗುತ್ತೆ, ಎಷ್ಟೋ ಸಲ ಹೊಟ್ಟೆಯೇ ಬಾಯಿಂದ ಹೊರಗೆ ಬಂದಿರುತ್ತೆ. ಶುದ್ಧ ನೀರಿನಲ್ಲೇ ಹೀಗೆ ಬಿಟ್ಟ ಮೀನುಗಳಲ್ಲಿ ಹಲವು ಬದುಕುವುದಿಲ್ಲ. ಇಲ್ಲಿ ಅದರ ಜೊತೆಗೆ ಮೇಲೆ ತೇಲುವ ಎಣ್ಣೆಯ ಪದರದ ಮೂಲಕ ಎಳೆದು, ಮತ್ತೆ ಅದೇ ಪದರದ ಮೇಲೆ ಬಿಡಬೇಕು. ಗಾಳಿ ತುಂಬಿದ ಮೀನು ಕೆಳಗಿಳಿಯಲಾರದೆ ಕಿವಿರಿಗೆ ಎಣ್ಣೆ ಮೆತ್ತಿಕೊಂಡು ಅಲ್ಲೇ ತೇಲುತ್ತಿರುತ್ತೆ. ಇನ್ನೊಂದು ಕಾರಣ ಸರಳ: ಅಷ್ಟು ದೊಡ್ಡ ಸಮುದ್ರದಲ್ಲಿ ಯಾರು ಬಿಟ್ಟರು, ಯಾರು ಐಸ್ ಪೆಟ್ಟಿಗೆಗೆ ಹಾಕಿಕೊಂಡರು ಅಂತ ಗಸ್ತು ದೋಣಿ ಕಾಯಲು ಆಗುವುದಿಲ್ಲ.

ಈಗ ತಿನ್ನುವ ವಿಷಯ. ಕಚ್ಚಾ ತೈಲದಲ್ಲಿ ಪಿಎಎಚ್ ಎಂಬ ಸಂಯುಕ್ತಗಳ ಗುಂಪೊಂದಿದೆ, ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಅಣುಗಳು. ನುಸಿ ಗುಳಿಗೆಯ ನ್ಯಾಫ್ತಲೀನ್ ಇದರಲ್ಲಿ ಚಿಕ್ಕದು. ಬೆಂಜೊಪೈರೀನ್‌ನಂಥ ದೊಡ್ಡವು ಕ್ಯಾನ್ಸರ್ ತರಬಲ್ಲವು. ಬೆನ್ನುಮೂಳೆಯಿರುವ ಮೀನಿನ ಲಿವರ್‌ನಲ್ಲಿ ಇವನ್ನು ಒಡೆಯುವ ಕಿಣ್ವಗಳು ಚುರುಕಾಗಿವೆ, ಒಡೆದದ್ದು ಪಿತ್ತರಸದ ಮೂಲಕ ಹೊರಗೆ ಹೋಗುತ್ತೆ, ಹಾಗಾಗಿ ಮಾಂಸದಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ. ಸಿಗಡಿ, ಏಡಿಗಳಲ್ಲಿ ಈ ಕೆಲಸ ನಿಧಾನ. ನೀರು ಸೋಸಿ ತಿನ್ನುವ ಆಯ್ಸ್ಟರ್ ಚಿಪ್ಪುಮೀನಿನಲ್ಲಂತೂ ತೀರಾ ನಿಧಾನ, ಬಂದದ್ದೆಲ್ಲ ಒಳಗೇ ಸೇರಿಕೊಳ್ಳುತ್ತೆ. ಅದಕ್ಕೇ ಆಗಸ್ಟ್ 10ರಂದು ಫ್ಲಾರಿಡಾದ ಆಚೆಗಿನ ಒಂದು ಭಾಗ ತೆರೆದಾಗ ಮೀನಿಗೆ ಮಾತ್ರ ಅನುಮತಿ ಸಿಕ್ಕಿತು. ಸಿಗಡಿ ಕಾಯಬೇಕಾಯಿತು. ಗೊತ್ತಿಲ್ಲದವರಿಗೆ ಇದು ಅಧಿಕಾರಿಗಳ ಮನಸ್ಸಿಗೆ ಬಂದಂತೆ ಬರೆದ ನಿಯಮ ಅನ್ನಿಸಿರಬಹುದು. ಅಲ್ಲ, ಅದು ಪ್ರಾಣಿಗಳ ದೇಹವನ್ನು ನೋಡಿ ಬರೆದದ್ದು.

ತೆರೆಯುವ ಮೊದಲಿನ ಪರೀಕ್ಷೆ ನನಗೆ ತುಂಬಾ ಇಷ್ಟವಾದ ಭಾಗ. ನೀರಿನ ಮೇಲೆ ಎಣ್ಣೆ ಕಾಣಬಾರದು, ಅಷ್ಟೇ ಸಾಲದು. ಅಲ್ಲಿಂದ ಮೀನು ಹಿಡಿದು ತಂದು, ಮಿಸಿಸಿಪ್ಪಿಯ ಪ್ಯಾಸ್ಕಗೂಲಾದ ಪ್ರಯೋಗಾಲಯದಲ್ಲಿ ತರಬೇತಿ ಪಡೆದವರು ಹಸಿ ಮೀನನ್ನು ಮೂಸಿ, ಬೇಯಿಸಿ ಮತ್ತೆ ಮೂಸಿ, ಕೊನೆಗೆ ಬಾಯಿಗಿಟ್ಟು ನೋಡುತ್ತಿದ್ದರು. ಎಣ್ಣೆಯ ವಾಸನೆ ಹಿಡಿಯುವುದರಲ್ಲಿ ಪಳಗಿದ ಮೂಗು ಅಷ್ಟು ಸೂಕ್ಷ್ಮ. ಇಲ್ಲಿ ಪಾಸಾದದ್ದು ಪಿಎಎಚ್ ಅಳೆಯುವ ಯಂತ್ರಕ್ಕೆ ಹೋಗುತ್ತಿತ್ತು. ತೈಲ ಚದುರಿಸಲು ಸುರಿದಿದ್ದ ಕೊರೆಕ್ಸಿಟ್ ರಾಸಾಯನಿಕ ಬೇರೆ ಇತ್ತಲ್ಲ, ಸುಮಾರು 70 ಲಕ್ಷ ಲೀಟರ್. ಅದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಆಮೇಲೆ ಹೊಸದಾಗಿ ರೂಪಿಸಿದರು.

ಒಮ್ಮೆ ತೆರೆದರೆ ಮುಗಿಯಿತು ಅಂತಲೂ ಇರಲಿಲ್ಲ. ನವೆಂಬರ್‌ನಲ್ಲಿ ಆಳದ ರಾಯಲ್ ರೆಡ್ ಸಿಗಡಿ ಹಿಡಿಯುವವರೊಬ್ಬರ ಬಲೆಗೆ ಟಾರ್ ಉಂಡೆಗಳು ಬಂದವು. ಮಳೆಗಾಲದಲ್ಲಿ ಗೋವಾ ತೀರಕ್ಕೆ ಬರುತ್ತವಲ್ಲ, ಆ ತರಹದ ಕಪ್ಪು ಅಂಟು ಉಂಡೆಗಳು. ತಕ್ಷಣ ಸುಮಾರು 11 ಸಾವಿರ ಚದರ ಕಿಲೋಮೀಟರ್‌ನಲ್ಲಿ ಆ ಸಿಗಡಿ ಹಿಡಿಯುವುದು ಬಂದ್ ಆಯಿತು. ಬಾವಿಯ ಸುತ್ತಲಿನ ಕೊನೆಯ ತುಂಡು ತೆರೆದದ್ದು 2011ರ ಏಪ್ರಿಲ್ 19ಕ್ಕೆ, ಸ್ಫೋಟಕ್ಕೆ ಒಂದು ವರ್ಷ ತುಂಬಲು ಒಂದು ದಿನ ಬಾಕಿ ಇದ್ದಾಗ.

ಹವ್ಯಾಸಕ್ಕೆ ಗಾಳ ಹಾಕುವವರಿಗೆ ಸಣ್ಣ ಸಮಾಧಾನವೂ ಸಿಕ್ಕಿತು. ರೆಡ್ ಸ್ನ್ಯಾಪರ್ ಹಿಡಿಯುವ ಋತು ಆ ವರ್ಷ ಜೂನ್ 1ಕ್ಕೆ ಶುರುವಾಗಿ ಜುಲೈನಲ್ಲಿ ಮುಗಿಯುವಂಥದ್ದಾಗಿತ್ತು, ಗಲ್ಫ್‌ನ ದೊಡ್ಡ ಭಾಗದಲ್ಲಿ ಅದು ನಿಷೇಧದಲ್ಲೇ ಕಳೆದುಹೋಯಿತು. ಆ ವರ್ಷ ಇಷ್ಟು ಹಿಡಿಯಬಹುದು ಎಂದು ಇಟ್ಟ ಮಿತಿಯಲ್ಲಿ ಹಿಡಿಯದೆ ಉಳಿದ ಪಾಲಿಗಾಗಿ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಮತ್ತೆ ಅವಕಾಶ ಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಎಷ್ಟು ಪಿಎಎಚ್ ಇದ್ದರೆ ಅಪಾಯವಿಲ್ಲ ಎಂದು ಲೆಕ್ಕ ಹಾಕುವಾಗ ತಿನ್ನುವವರ ತೂಕ 80 ಕೆಜಿ ಎಂದು ಹಿಡಿದಿದ್ದರು. ಸಿಕ್ಕ ಮಾದರಿಗಳು ಆ ಮಿತಿಗಿಂತ ತುಂಬಾ ಕೆಳಗೇ ಇದ್ದವು, ಅದು ನಿಜ. ಆದರೆ ಗರ್ಭಿಣಿಯರು, ಮಕ್ಕಳ ವಿಚಾರದಲ್ಲಿ ಈ ಲೆಕ್ಕ ಸಾಲದು ಎಂದು ಕೆಲವು ಸಂಶೋಧಕರು ಆಮೇಲೆ ಆಕ್ಷೇಪಿಸಿದರು. ಅವರ ಮಾತು ನನಗೆ ಸರಿ ಅನ್ನಿಸುತ್ತೆ. ಗಾಳ ಹಾಕುವವರು ಹಿಡಿದದ್ದನ್ನು ಮನೆಗೇ ತರುತ್ತಾರೆ. ವಾರವಿಡೀ ಅದೇ ಊಟ, ಮಕ್ಕಳ ತಟ್ಟೆಗೂ ಅದೇ. ಅಂಗಡಿಯಲ್ಲಿ ಅಪರೂಪಕ್ಕೊಮ್ಮೆ ಮೀನು ಕೊಳ್ಳುವವರಿಗಿಂತ ಇವರ ಪಾಲು ಜಾಸ್ತಿ. ನೀರು ತೆರೆಯಿತು ಎಂಬ ಪ್ರಕಟಣೆಯಲ್ಲೇ ಇಂಥ ಮನೆಗಳಿಗಾಗಿ, ಮಗುವಿಗೆ ವಾರಕ್ಕೆ ಎಷ್ಟು ತುಂಡು ಎಂದು ಬೇರೆಯಾಗಿ ಬರೆದಿರಬೇಕಿತ್ತು.