ಬೆಂಗಳೂರಿನ ಚಳಿಗಾಲದ ಹೊಗೆ ಯಾರದ್ದು?

ದೆಹಲಿಯ ಹೊಗೆ ಸುದ್ದಿಯಾದಾಗಲೆಲ್ಲ ಬೆಂಗಳೂರಿನವರು ನಮ್ಮ ಹವೆಯ ಬಗ್ಗೆ ಒಂದಿಷ್ಟು ಬೀಗುತ್ತೇವೆ. ಬೀಗಲು ಕಾರಣ ಇಲ್ಲದಿಲ್ಲ. ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರಾಗಿ ಬೀಸುತ್ತದೆ. ನಾವು ಎಷ್ಟೇ ಹೊಗೆ ಬಿಟ್ಟರೂ ಅದು ಹೊಸಕೋಟೆಯ ಕಡೆಗೆ ಹೊರಟುಹೋಗುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯುವ ಹೊತ್ತಿಗೆ ಆ ಸವಲತ್ತು ಇರುವುದಿಲ್ಲ. ರಾತ್ರಿ ನೆಲ ಬೇಗ ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿದು ಕೆಳಗೇ ಉಳಿಯುತ್ತದೆ, ಮೇಲಿನ ಬೆಚ್ಚನೆಯ ಪದರ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಕೂತುಬಿಡುತ್ತದೆ. ಬಿಸಿಲೇರುವ ತನಕ ಹೊಗೆಗೆ ದಾರಿಯಿಲ್ಲ.

ಉತ್ತರದಲ್ಲಿ ಈ ಹೊತ್ತಿಗೆ ಬೈಗುಳ ತಿನ್ನುವವನು ಭತ್ತದ ಕೂಳೆ ಸುಡುವ ರೈತ. ಇಲ್ಲಿ ಆ ಮಾತು ಹೊಂದುವುದಿಲ್ಲ. ಆನೇಕಲ್, ದೊಡ್ಡಬಳ್ಳಾಪುರದ ಸುತ್ತ ರಾಗಿ ಕೊಯ್ಲಾಗುವುದು ಇದೇ ದಿನಗಳಲ್ಲಿ. ತೆನೆಯನ್ನು ರಸ್ತೆಗೆ ಹರಡಿ ಬಸ್ಸು–ಲಾರಿಗಳ ಗಾಲಿಯಿಂದಲೇ ಒಕ್ಕಿಸುವಾಗ ಒಂದಷ್ಟು ದೂಳು ಏಳುತ್ತದೆ, ನಿಜ. ಆದರೆ ರಾಗಿ ಹುಲ್ಲು ದನಕ್ಕೆ ಬೇಕು. ಅದನ್ನು ಮೆದೆ ಒಟ್ಟುತ್ತಾರೆಯೇ ಹೊರತು ಸುಡುವಷ್ಟು ದುಂದು ಯಾರಿಗೂ ಇಲ್ಲ.

ಸುಡುವುದು ನಗರ. ಹೊಂಗೆ, ಮಳೆಮರ ಎಲೆ ಉದುರಿಸುವುದೂ ಚಳಿಗಾಲದಲ್ಲೇ. ಗುಡಿಸಿದ ತರಗೆಲೆ ಚರಂಡಿ ಪಕ್ಕ ಗುಡ್ಡೆಯಾಗುತ್ತದೆ, ಅದರೊಳಗೆ ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಹೋಟೆಲಿನ ಪಾರ್ಸೆಲ್ ಕವರು ಸೇರಿಕೊಳ್ಳುತ್ತವೆ. ಆಮೇಲೆ ಯಾರೋ ಕಡ್ಡಿ ಗೀರುತ್ತಾರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಇದನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದಿತು. ದಂಡ ಹಾಕುವುದು ಸುಲಭ. ಎಲೆ ಒಯ್ಯಲು ಗಾಡಿಯೇ ಬರದಿದ್ದರೆ ಗುಡಿಸಿದವರು ಅದನ್ನು ಎಲ್ಲಿಗೆ ಹಾಕಬೇಕು?

ವಾಹನದ ಹೊಗೆಯದ್ದು ಇನ್ನೂ ಹಳೆಯ ಲೆಕ್ಕ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ನೀರಿದ್ದ ಜಾಗದಲ್ಲಿ ಡೀಸೆಲ್ ಎಂಜಿನ್‌ಗಳು ಗುರುಗುಟ್ಟತೊಡಗಿದವು. 2000ದವರೆಗೂ ದೇಶದ ಪೆಟ್ರೋಲಿನಲ್ಲಿ ಸೀಸವಿತ್ತು. ಟು–ಸ್ಟ್ರೋಕ್ ಆಟೋಗಳ ನೀಲಿ ಹೊಗೆ ಆ ಕಾಲದವರಿಗೆಲ್ಲ ನೆನಪಿರುತ್ತದೆ. ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆ ಇಟ್ಟುಕೊಂಡು ಬಂದರು: 1979ರಲ್ಲಿ ಆಸ್ತಮಾ ಇದ್ದವರು ಶೇ 9, 1999ರಲ್ಲಿ ಶೇ 29.5. ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಲಾಗದು, ಪರಾಗವೂ ಮನೆಯೊಳಗಿನ ದೂಳೂ ಆಸ್ತಮಾ ಕೆರಳಿಸುತ್ತವೆ. ಆದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಸಣ್ಣ ಮಾತಲ್ಲ.

ಆಮೇಲೆ ಆಟೋಗಳಿಗೆ ಎಲ್‌ಪಿಜಿ ಬಂತು, 2020ರ ಏಪ್ರಿಲ್‌ನಿಂದ ಗಂಧಕ ತೀರಾ ಕಡಿಮೆಯಿರುವ ಬಿಎಸ್–6 ಇಂಧನ. ಒಂದೊಂದು ಗಾಡಿಯ ಹೊಗೆ ಕಡಿಮೆಯಾಯಿತು, ಗಾಡಿಗಳು ಒಂದು ಕೋಟಿ ದಾಟಿದವು.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ಜೊತೆಗೆ ಭದ್ರಾ ನಾಲೆಯ ಭತ್ತದ ಸೀಮೆಯಾದ ದಾವಣಗೆರೆ. ಹಣ ಬಂತು, ಗುಡಿಸುವ ಯಂತ್ರ ಬಂತು, ನೀರು ಚಿಮುಕಿಸುವ ಟ್ಯಾಂಕರ್ ಬಂತು. ಎಲ್ಲವೂ ದೂಳಿಗೆ, ಏಕೆಂದರೆ ಈ ಕಾರ್ಯಕ್ರಮದಲ್ಲಿ ನಗರಗಳ ಸಾಧನೆ ಅಳೆಯುವುದು ಪಿಎಂ 10 ಎಂಬ ದೊಡ್ಡ ಕಣದ ಲೆಕ್ಕದಲ್ಲಿ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಹೆಚ್ಚಾಗಿ ಹುಟ್ಟುವುದು ಬೆಂಕಿ ಮತ್ತು ಎಂಜಿನ್‌ಗಳಲ್ಲಿ. ಅದರ ವಾರ್ಷಿಕ ಮಿತಿ ನಮ್ಮಲ್ಲಿ ಘನ ಮೀಟರ್‌ಗೆ 40 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5. ಜುಲೈನ ಗಾಳಿಯನ್ನು ಬೆರೆಸಿ ವರ್ಷದ ಸರಾಸರಿ ತೆಗೆದರೆ 40ರ ಗಡಿಯೊಳಗೆ ನುಸುಳುವುದು ಬೆಂಗಳೂರಿಗೆ ಅಷ್ಟೇನೂ ಕಷ್ಟವಲ್ಲ. ಜನವರಿಯಲ್ಲಿ ಬೆಳಗಿನ ಏಳೂವರೆಗೆ ಸ್ಕೂಲ್ ವ್ಯಾನ್ ಕಾಯುವ ಮಗು ಎಳೆದುಕೊಳ್ಳುವುದು ಸರಾಸರಿ ಗಾಳಿಯನ್ನಲ್ಲ.