ಬರ್ನಾರ್ಡ್ ಹೆರ್ಮನ್: ಬಾನುಲಿಯಿಂದ ಬ್ಯಾಂಡಿನವರೆಗೆ

ಬಳ್ಳಾರಿಯಲ್ಲಿ ನಾಟಕಗಳಿಗೆ ಸಂಗೀತ ಕೊಡಲು ಕಲಿಯುತ್ತಿರುವ ನಮ್ಮ ಗುಂಪಿನವರಿಗಾಗಿ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಅಮೆರಿಕದ ಸಂಗೀತ ಸಂಯೋಜಕ ಹೆರ್ಮನ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1960ರ ‘ಸೈಕೋ’ ಚಿತ್ರದ ಸ್ನಾನದ ಮನೆಯ ದೃಶ್ಯ, ಪಿಟೀಲುಗಳು ಚೀರುವ ಆ ಕೆಲವೇ ಕ್ಷಣಗಳು. ಅದನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಅದಕ್ಕಿಂತ ಕಾಲು ಶತಮಾನ ಮೊದಲೇ ಅವರು ಬಾನುಲಿಗೆ ಬರೆಯಲು ಆರಂಭಿಸಿದ್ದರು. ಮುಂದೆ ಪಿಟೀಲುಗಳನ್ನು ಕೈಬಿಟ್ಟು, ಮುಖ್ಯವಾಗಿ ಊದುವ ಮತ್ತು ಬಾರಿಸುವ ವಾದ್ಯಗಳಿಗೆ ದೊಡ್ಡ ಸಂಯೋಜನೆಗಳನ್ನೂ ಬರೆದರು. ಈ ಎರಡು ಕೆಲಸಗಳೂ ಅವರ ಸಿನಿಮಾ ಖ್ಯಾತಿಯ ನೆರಳಿನಲ್ಲಿ ಉಳಿದುಬಿಟ್ಟಿವೆ. ಹಾರ್ಮೋನಿಯಂ, ತಬಲಾ, ಅದೃಷ್ಟವಿದ್ದರೆ ಒಂದು ಕ್ಲಾರಿನೆಟ್: ನಮ್ಮ ಬಳಿ ಇರುವುದು ಇಷ್ಟೇ. ಇಷ್ಟರಲ್ಲಿಯೇ ನಾಟಕ ಕಟ್ಟಬೇಕಾದವರಿಗೆ ಅವರ ಸಿನಿಮಾಗಳಿಗಿಂತ ಬಾನುಲಿಯ ಕೆಲಸವೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಹೆರ್ಮನ್ ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕ್‌ನಲ್ಲಿ. 1934ರಲ್ಲಿ ಸಿಬಿಎಸ್ ಬಾನುಲಿ ಸಂಸ್ಥೆ ಸೇರಿದಾಗ ಇಪ್ಪತ್ತಮೂರರ ಹರೆಯ. ಅಲ್ಲಿ ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕವಿತೆಯ ಓದಿಗೆ ವಾದ್ಯಸಂಗೀತ ಹೊಂದಿಸುವುದು. ಒಬ್ಬರು ಕವಿತೆ ಓದುತ್ತಾರೆ, ಹಾಡುವುದಿಲ್ಲ. ವಾದ್ಯಗಳು ಆ ಓದಿನ ಅಡಿಯಲ್ಲಿ, ಸಾಲು ಸಾಲಿನ ನಡುವೆ, ಕೆಲವೊಮ್ಮೆ ಓದು ನಿಂತ ಮೇಲೆ ಮಾತ್ರ ನುಡಿಯುತ್ತವೆ. ಕೀಟ್ಸ್, ಎಡ್ಗರ್ ಅಲನ್ ಪೋ ಅವರ ಕವಿತೆಗಳಿಗೆ ಹೆರ್ಮನ್ ಹೀಗೆ ಸಂಗೀತ ಬರೆದರು. ಭಾವಗೀತೆಗೆ ರಾಗ ಹಾಕುವ ನಮ್ಮ ಅಭ್ಯಾಸಕ್ಕಿಂತ ಈ ಕ್ರಮ ತೀರ ಬೇರೆ. ರಾಗ ಹಾಕಿದಾಗ ಶಬ್ದ ಸಂಗೀತದ ಹಿಂದೆ ಹೋಗುತ್ತದೆ. ಇಲ್ಲಿ ಸಂಗೀತ ಶಬ್ದಕ್ಕೆ ದಾರಿ ಬಿಡಬೇಕು, ಆದರೂ ತಾನು ಇರುವುದು ಕೇಳುಗನಿಗೆ ತಿಳಿಯಬೇಕು. ಮನುಷ್ಯನ ಮಾತು ಮಧ್ಯ ಸ್ಥಾಯಿಯಲ್ಲಿ ಇರುವುದರಿಂದ ಅದೇ ಜಾಗದಲ್ಲಿ ಹಾರ್ಮೋನಿಯಂ ಗಟ್ಟಿಯಾಗಿ ನುಡಿಸಿದರೆ ಮಾತು ಮುಳುಗುತ್ತದೆ. ಬಾನುಲಿಯಲ್ಲಿ ನಟನ ಮುಖ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ. ಮಾತು ಒಮ್ಮೆ ಮುಳುಗಿದರೆ ಮತ್ತೆ ಸಿಗುವುದೇ ಇಲ್ಲ. ಹಾಗಾಗಿ ಮಾತಿನ ಮೇಲೆ ಅಥವಾ ಕೆಳಗೆ ಜಾಗ ಹುಡುಕಬೇಕು: ತಾರದಲ್ಲಿ ಒಂದು ಎಳೆ, ಇಲ್ಲವೇ ಮಂದ್ರದಲ್ಲಿ ನಿಂತ ಒಂದು ಸ್ವರ. ಧಾರವಾಡ, ಕಲಬುರಗಿ ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ಕಿವಿಯಲ್ಲೇ ಗೊತ್ತಿದ್ದ ವಿಷಯ.

ಆ ಕಾಲದ ಬಾನುಲಿ ಕೆಲಸದ ಸ್ವರೂಪವನ್ನು ಅರ್ಥಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಎಲ್ಲವೂ ನೇರ ಪ್ರಸಾರ. ನಟರು ಮೈಕಿನ ಮುಂದೆ, ಬಾಗಿಲು ತೆರೆಯುವ, ಕುದುರೆ ಓಡುವ ಸದ್ದು ಮಾಡುವವರು ಒಂದು ಬದಿಯಲ್ಲಿ, ವಾದ್ಯದವರು ಇನ್ನೊಂದು ಬದಿಯಲ್ಲಿ. ಗಾಜಿನ ಆಚೆಯಿಂದ ನಿರ್ದೇಶಕರ ಕೈ ಸನ್ನೆ, ಗೋಡೆಯ ಮೇಲೆ ಗಡಿಯಾರ. ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಲು ಸಂಗೀತಕ್ಕೆ ಸಿಗುತ್ತಿದ್ದುದು ಕೆಲವೇ ಸೆಕೆಂಡುಗಳು. ಅಷ್ಟರಲ್ಲಿ ಊರು ಬದಲಾಗಬೇಕು, ಹಗಲು ಹೋಗಿ ರಾತ್ರಿ ಬರಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಉದ್ದನೆಯ ರಾಗವನ್ನು ಹರಡಲು ಸಾಧ್ಯವೇ ಇಲ್ಲ. ಹೆರ್ಮನ್ ಅವರ ಸಂಗೀತದಲ್ಲಿ ನಾಲ್ಕೈದು ಸ್ವರಗಳ ಪುಟ್ಟ ತುಣುಕುಗಳು ಮತ್ತೆ ಮತ್ತೆ ಬರುವುದಕ್ಕೆ ಈ ಗಡಿಯಾರವೇ ಬಹುಮಟ್ಟಿಗೆ ಕಾರಣ ಎಂದು ನಾನು ತಿಳಿದಿದ್ದೇನೆ. ತುಣುಕು ಚಿಕ್ಕದಾದಷ್ಟೂ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿಂದ ಬೇಕಾದರೂ ಎತ್ತಿಕೊಳ್ಳಬಹುದು. ನಮ್ಮ ಬಯಲಾಟದ ಭಾಗವತರಿಗೂ ಈ ಜಾಣ್ಮೆ ಗೊತ್ತು: ವೇಷಧಾರಿಯ ಕುಣಿತ ಮುಗಿಯುವವರೆಗೆ ಮುಖವೀಣೆ, ಮದ್ದಳೆಗಳು ಒಂದೇ ನುಡಿಯನ್ನು ಸುತ್ತಿಸುತ್ತಾ ಕಾಯುತ್ತವೆ, ಅವನು ಮಾತಿಗೆ ನಿಂತ ಕ್ಷಣ ಕತ್ತರಿಸುತ್ತವೆ.

ಆ ತುಣುಕಿನ ಒಳಗೆ ಏನಿರುತ್ತದೆ? ಹಾರ್ಮೋನಿಯಂ ಮುಂದಿಟ್ಟುಕೊಂಡು ಇದನ್ನು ನುಡಿಸಿ ನೋಡಿ. ಷಡ್ಜ, ಕೋಮಲ ಗಾಂಧಾರ, ಪಂಚಮ, ಶುದ್ಧ ನಿಷಾದ. ಮೊದಲು ಒಂದರ ಹಿಂದೆ ಒಂದು. ಪಟದೀಪ ರಾಗ ಬಲ್ಲವರಿಗೆ ಈ ನಾಲ್ಕೂ ಪರಿಚಿತ. ಬಿಡಿಬಿಡಿಯಾಗಿ ಬಂದಾಗ ಅವುಗಳಲ್ಲಿ ಒಂದು ಹಂಬಲವಿದೆ, ಸಂಜೆಯ ಮೃದುತನವಿದೆ. ಈಗ ನಾಲ್ಕನ್ನೂ ಒಟ್ಟಿಗೆ ಒತ್ತಿ, ಹಾಗೆಯೇ ಹಿಡಿದುಕೊಳ್ಳಿ. ಹಂಬಲ ಹೋಗಿ ಕಳವಳ ಬರುತ್ತದೆ. ಏಕೆ? ಕೆಳಗಿನ ಮೂರು ಸ್ವರಗಳು ಸೇರಿ ದುಃಖದ, ಆದರೆ ಸ್ಥಿರವಾದ ನೆಲೆ ಕೊಡುತ್ತವೆ. ಮೇಲಿನ ಮೂರು, ಅಂದರೆ ಗ-ಪ-ನಿ, ಒಂದರಿಂದ ಒಂದು ಸರಿಯಾಗಿ ನಾಲ್ಕು ನಾಲ್ಕು ಮನೆ (ಕಪ್ಪು, ಬಿಳಿ ಎರಡನ್ನೂ ಎಣಿಸಿ) ದೂರದಲ್ಲಿವೆ. ಎಲ್ಲವೂ ಸಮದೂರವಾದಾಗ ಯಾವುದು ಮನೆ, ಯಾವುದು ಬೀದಿ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಜೊತೆಗೆ ನಿಷಾದವು ತಾರ ಷಡ್ಜಕ್ಕೆ ಅರ್ಧ ಸ್ವರದಷ್ಟು ಹತ್ತಿರ ನಿಂತು, ಅಲ್ಲಿಗೆ ಹೋಗದೆ ಸತಾಯಿಸುತ್ತದೆ. ‘ಸೈಕೋ’ ಚಿತ್ರದ ಶೀರ್ಷಿಕೆ ಸಂಗೀತ ಶುರುವಾಗುವುದು ಈ ಸ್ವರಗುಚ್ಛದಿಂದಲೇ. 1958ರ ‘ವರ್ಟಿಗೋ’ ಚಿತ್ರದ ಆರಂಭದಲ್ಲಿ ಇದೇ ನಾಲ್ಕು ಸ್ವರಗಳು ಮುರಿದು, ಏರಿಳಿದು ಸುತ್ತುತ್ತವೆ. ‘ಸೈಕೋ’ಗೆ ಅವರು 1936ರಲ್ಲಿ ತಂತಿವಾದ್ಯಗಳಿಗೆ ಬರೆದಿದ್ದ ಒಂದು ಸಿನ್ಫೋನಿಯೆಟ್ಟಾದ (ಕಿರು ಸಿಂಫನಿಯ) ಭಾಗಗಳನ್ನೂ ಬಳಸಿಕೊಂಡರು. ಅಂದರೆ ಆ ಕಳವಳ ಈ ಎರಡೂ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಅವರ ಬಳಿ ಬಂದ ಮೇಲೆ ಹುಟ್ಟಿದ್ದಲ್ಲ. ಬಾನುಲಿಯ ದಿನಗಳಲ್ಲೇ ಅವರ ಬಳಿ ಇತ್ತು.

ಇನ್ನು ಕೇಳಲೇಬೇಕಾದ ಪ್ರಸಾರಗಳು. 1937ರ ಏಪ್ರಿಲ್‌ನಲ್ಲಿ ಆರ್ಚಿಬಾಲ್ಡ್ ಮೆಕ್ಲೀಶ್ ಅವರ ‘ದಿ ಫಾಲ್ ಆಫ್ ದಿ ಸಿಟಿ’ ಎಂಬ ಪದ್ಯನಾಟಕ ಪ್ರಸಾರವಾಯಿತು. ಜನಸಮೂಹದ ದನಿಗೆ ಸ್ಟುಡಿಯೋ ಸಾಲದು ಎಂದು ಸೈನಿಕರ ಕವಾಯತಿನ ದೊಡ್ಡ ಸಭಾಂಗಣದಿಂದ ಅದನ್ನು ಪ್ರಸಾರ ಮಾಡಿದರು. ನಿರೂಪಕ ಆರ್ಸನ್ ವೆಲ್ಸ್, ಸಂಗೀತ ಹೆರ್ಮನ್. ಮುಂದಿನ ವರ್ಷ ಇಬ್ಬರೂ ಮರ್ಕ್ಯುರಿ ಥಿಯೇಟರ್ ಎಂಬ ಬಾನುಲಿ ಸರಣಿಯಲ್ಲಿ ವಾರ ವಾರವೂ ಒಟ್ಟಿಗೆ ದುಡಿದರು. ಮಂಗಳ ಗ್ರಹದವರ ದಾಳಿಯನ್ನು ನಿಜ ಸುದ್ದಿಯಂತೆ ಹೇಳಿದ 1938ರ ಅಕ್ಟೋಬರ್ 30ರ ನಾಟಕ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಬಗ್ಗೆ ಎಲ್ಲರೂ ಹೇಳುವುದು ಜನ ಹೆದರಿದರು ಎಂಬ ಕಥೆಯನ್ನು. ಸಂಗೀತದ ವಿದ್ಯಾರ್ಥಿ ಗಮನಿಸಬೇಕಾದದ್ದು ಬೇರೆ: ಅದರಲ್ಲಿ ಭಯದ ಸಂಗೀತವೇ ಇಲ್ಲ. ಒಂದು ಹೋಟೆಲ್ಲಿನ ನೃತ್ಯಸಂಗೀತ ನಡೆಯುತ್ತಿರುತ್ತದೆ, ಅದರ ನಡುವೆ ಸುದ್ದಿ ಬರುತ್ತದೆ, ಮತ್ತೆ ನೃತ್ಯಸಂಗೀತ. ಆ ಹೋಟೆಲ್ ವಾದ್ಯವೃಂದ ಎಂದು ನಟಿಸಿದ್ದು ಹೆರ್ಮನ್ ನಡೆಸುತ್ತಿದ್ದ ಸಿಬಿಎಸ್ ವಾದ್ಯವೃಂದವೇ. ಮುಂದೆ ಸುದ್ದಿಗಾರನ ಸಂಪರ್ಕ ಕಡಿದುಹೋದಾಗ ಒಂಟಿ ಪಿಯಾನೋ ಕೇಳಿಸುತ್ತದೆ. ಏನೂ ಆಗಿಲ್ಲವೆಂಬಂತೆ ನುಡಿಯುವ ಆ ಪಿಯಾನೋದಷ್ಟು ಹೆದರಿಸುವ ಸಂಗೀತವನ್ನು ನಾನು ಕೇಳಿಲ್ಲ. ಕೊಲೆಯ ದೃಶ್ಯ ಬಂದ ಕೂಡಲೇ ಕೀಬೋರ್ಡಿನಲ್ಲಿ ‘ಢಣ್’ ಎನಿಸುವ ನಮ್ಮ ನಾಟಕಗಳ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಬೇಕು.

ಅದೇ ವರ್ಷದ ಡಿಸೆಂಬರ್‌ನಲ್ಲಿ ‘ರೆಬೆಕ್ಕಾ’ ಕಾದಂಬರಿಯ ಬಾನುಲಿ ರೂಪಕ್ಕೆ ಬರೆದ ಸಂಗೀತವನ್ನು ಹೆರ್ಮನ್ ಮುಂದೆ ‘ಜೇನ್ ಐರ್’ ಚಿತ್ರಕ್ಕೆ ಬಳಸಿದರು. 1941ರಲ್ಲಿ ಪತ್ನಿ ಲೂಸಿಲ್ ಫ್ಲೆಚರ್ ಬರೆದ ‘ದಿ ಹಿಚ್-ಹೈಕರ್’ ಬಂತು. ಕಾರಿನಲ್ಲಿ ದೇಶ ದಾಟುತ್ತಿರುವವನಿಗೆ ದಾರಿಯುದ್ದಕ್ಕೂ ಅದೇ ಮನುಷ್ಯ ಎದುರಾಗುತ್ತಾನೆ. ಮತ್ತೆ ಮತ್ತೆ ಬರುವ ತುಣುಕಿಗೆ ಇದಕ್ಕಿಂತ ಹೊಂದುವ ಕಥೆ ಇಲ್ಲ. ಹಳೆಯ ಕಾಲದ ನಿಜ ಅಪರಾಧಗಳನ್ನು ನಾಟಕವಾಗಿಸಿದ 1953–54ರ ‘ಕ್ರೈಮ್ ಕ್ಲಾಸಿಕ್ಸ್’ ಬಾನುಲಿ ಸರಣಿಗೆ ಬೆರಳೆಣಿಕೆಯ ವಾದಕರನ್ನು ಮಾತ್ರ ಇಟ್ಟುಕೊಂಡು ಬರೆದರು. ನನಗೆ ಅತಿ ಪ್ರಿಯವಾದದ್ದು ಈ ಸರಣಿ. ಆಗಲೇ ಸಿನಿಮಾದಲ್ಲಿ ಆಸ್ಕರ್ ಪಡೆದಿದ್ದ ಸಂಯೋಜಕ, ಎರಡು ಮೂರು ವಾದ್ಯಗಳಿಂದ ಒಂದಿಡೀ ಶತಮಾನದ ವಾತಾವರಣ ಕಟ್ಟುವುದನ್ನು ಇಲ್ಲಿ ಕೇಳಬಹುದು. ನಮ್ಮ ಗುಂಪು ಯಾವುದಾದರೂ ಒಂದನ್ನೇ ಕೇಳುವುದಾದರೆ ಇದನ್ನೇ ಕೇಳಲಿ.

ಇವೆಲ್ಲ ಹೇಗೆ ಉಳಿದವು, ಹೇಗೆ ಮರಳಿ ಬಂದವು ಎಂಬುದೂ ಪಾಠದ ಭಾಗ. ಮೂವತ್ತರ ದಶಕದಲ್ಲಿ, ನಲವತ್ತರ ಮೊದಲ ವರ್ಷಗಳಲ್ಲಿ ಅಮೆರಿಕದ ಬಾನುಲಿಯಲ್ಲಿ ಟೇಪ್ ಇರಲಿಲ್ಲ. ಪ್ರಸಾರಗಳನ್ನು ಹದಿನಾರು ಇಂಚಿನ ತಟ್ಟೆಗಳ ಮೇಲೆ ಕೊರೆಯುತ್ತಿದ್ದರು. ಒಂದು ಬದಿಗೆ ಸುಮಾರು ಕಾಲು ಗಂಟೆ. ಆ ದಾಖಲೆಯಲ್ಲಿ ನಟನ ಮಾತಿನ ಅಡಿಯಲ್ಲಿ ವಾದ್ಯಗಳು ಮಂಜಾಗಿ ಕೇಳಿಸುತ್ತವೆ. ಸಂಗೀತವನ್ನು ಪೂರ್ತಿಯಾಗಿ ಕೇಳಬೇಕಾದರೆ ಸ್ವರಲಿಪಿ ಹುಡುಕಿ, ಪ್ರಸಾರದ ಜೊತೆ ತಾಳೆ ನೋಡಿ, ಹೊಸದಾಗಿ ನುಡಿಸಬೇಕು. ‘ವಿಟ್ಮನ್’ ಹೀಗೆ ಮರಳಿ ಬಂದ ಕೃತಿ. ನಾರ್ಮನ್ ಕಾರ್ವಿನ್ ಅವರು ಕವಿ ವಾಲ್ಟ್ ವಿಟ್ಮನ್ ಅವರ ಸಾಲುಗಳಿಂದಲೇ ಹೆಣೆದ ಅರ್ಧ ಗಂಟೆಯ ಬಾನುಲಿ ನಾಟಕ ಅದು. ಪ್ರಸಾರವಾದದ್ದು 1944ರ ಜೂನ್‌ನಲ್ಲಿ, ಮಿತ್ರಪಡೆಗಳು ಫ್ರಾನ್ಸಿನ ದಡಕ್ಕಿಳಿದ ತಿಂಗಳಲ್ಲೇ; ಕವಿಯ ದನಿಯಾದವರು ನಟ ಚಾರ್ಲ್ಸ್ ಲಾಟನ್. ಕ್ರಿಸ್ಟೋಫರ್ ಹಸ್ಟೆಡ್ ಅದರ ಸಂಗೀತವನ್ನು ಮತ್ತೆ ಕಟ್ಟಿಕೊಟ್ಟರು. ವಾಷಿಂಗ್ಟನ್ನಿನ ಪೋಸ್ಟ್‌ಕ್ಲಾಸಿಕಲ್ ಎನ್ಸೆಂಬಲ್ ಅದನ್ನು ನುಡಿಸಿತು. 2020ರಲ್ಲಿ ನ್ಯಾಕ್ಸೋಸ್ ಕಂಪನಿ ಧ್ವನಿಮುದ್ರಿಕೆ ಹೊರತಂದಿತು. ಹುಲ್ಲಿನ ಎಸಳಿನ ಬಗ್ಗೆ ಮಾತು ಬರುವಾಗ ವಾದ್ಯಗಳು ಎಷ್ಟು ಹಿಂದೆ ಸರಿಯುತ್ತವೆ ಎಂಬುದನ್ನು ಕೇಳಿ.

ಇನ್ನು ಬ್ಯಾಂಡಿನ ವಿಷಯ. ಪಾಶ್ಚಾತ್ಯ ಸಂಗೀತದಲ್ಲಿ ಕನ್ಸರ್ಟ್ ಬ್ಯಾಂಡ್ ಎಂದರೆ ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಟ್ಯೂಬಾ ಮತ್ತು ಡ್ರಮ್ಮುಗಳ ಮೇಳ. ಪಿಟೀಲಿನ ಕುಟುಂಬ ಇರುವುದಿಲ್ಲ. ಬಳ್ಳಾರಿಯ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನಲ್ಲಿ ಇವುಗಳಲ್ಲಿ ಕೆಲವನ್ನಾದರೂ ನಾವು ನೋಡಿದ್ದೇವೆ. ಪಿಟೀಲು ಇಲ್ಲದಿರುವುದರ ಪರಿಣಾಮ ದೊಡ್ಡದು. ಕಮಾನು ಹಿಂದೆ ಮುಂದೆ ಆಡುತ್ತಿದ್ದರೆ ತಂತಿಯ ನಾದಕ್ಕೆ ಕೊನೆಯಿಲ್ಲ. ಊದುವವನಿಗೆ ಉಸಿರು ಬೇಕು. ಆದ್ದರಿಂದ ಬ್ಯಾಂಡಿಗೆ ಬರೆಯುವವರು ಒಬ್ಬರು ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬರು ಎತ್ತಿಕೊಳ್ಳುವಂತೆ ಸಂಗೀತವನ್ನು ಹಂಚಬೇಕು. ಪುಟ್ಟ ತುಣುಕುಗಳಲ್ಲಿ ಯೋಚಿಸುತ್ತಿದ್ದ ಹೆರ್ಮನ್‌ಗೆ ಇದು ಸಹಜವಾಗಿ ಒದಗಿತು.

ಹಾಲಿವುಡ್‌ನಲ್ಲಿ ಅನೇಕ ಸಂಯೋಜಕರು ರಾಗದ ಕರಡು ಬರೆದು, ವಾದ್ಯ ಹಂಚುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿದ್ದರು. ಹೆರ್ಮನ್ ಬಿಡುತ್ತಿರಲಿಲ್ಲ. ಅವರ ಪಾಲಿಗೆ ಯಾವ ವಾದ್ಯ ಎಂಬುದೇ ಸಂಯೋಜನೆಯ ಮೊದಲ ಪ್ರಶ್ನೆ. 1959ರ ‘ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ಥ್’ ಚಿತ್ರಕ್ಕೆ ಪಿಟೀಲು ವರ್ಗವನ್ನೇ ಕೈಬಿಟ್ಟು ಊದುವ ವಾದ್ಯ, ತಾಳವಾದ್ಯ, ಹಾರ್ಪ್, ಒಂದು ಚರ್ಚ್ ಆರ್ಗನ್, ನಾಲ್ಕು ವಿದ್ಯುತ್ ಆರ್ಗನ್ ಇಟ್ಟುಕೊಂಡರು. ಕಥೆ ಭೂಮಿಯ ಒಳಕ್ಕೆ ಇಳಿಯುವುದರಿಂದ ಸಂಗೀತವೂ ಮಂದ್ರದ ತಳ ಹುಡುಕುತ್ತದೆ. ಸರ್ಪೆಂಟ್ ಎಂಬ ಹಾವಿನಂತೆ ಬಳುಕಿದ ಹಳೆಯ ಊದುವಾದ್ಯವನ್ನೂ ಅದಕ್ಕೆ ತಂದರು. 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರದಲ್ಲೂ ಪಿಟೀಲುಗಳಿಲ್ಲ. 1966ರ ‘ಟಾರ್ನ್ ಕರ್ಟನ್’ಗೆ ಹನ್ನೆರಡು ಕೊಳಲು, ಹದಿನಾರು ಹಾರ್ನ್, ಒಂಬತ್ತು ಟ್ರಾಂಬೋನ್ ಕೇಳಿದರು, ಹಿಚ್‌ಕಾಕ್ ಆ ಸಂಗೀತವನ್ನು ತಿರಸ್ಕರಿಸಿದರು, ಇಬ್ಬರ ಒಡನಾಟ ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ ಬರದಿದ್ದರೂ ಆ ಸಂಗೀತ ಸಾಯಲಿಲ್ಲ. ಅದರ ಕೆಲವು ಭಾಗಗಳನ್ನು ಎಲ್ಮರ್ ಬರ್ನ್‌ಸ್ಟೀನ್ 1991ರ ‘ಕೇಪ್ ಫಿಯರ್’ ಚಿತ್ರದಲ್ಲಿ ಸೇರಿಸಿದರು. ಹೆರ್ಮನ್ ಅಷ್ಟರಲ್ಲಿ ಇರಲಿಲ್ಲ. 1975ರ ಡಿಸೆಂಬರ್ 24ರಂದು, ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಧ್ವನಿಮುದ್ರಣ ಮುಗಿಸಿದ ಬೆನ್ನಲ್ಲೇ ತೀರಿಕೊಂಡಿದ್ದರು.

ಕ್ರಮ ಗಮನಿಸಿ: ಬಾನುಲಿಯಲ್ಲಿ ಕೆಲವೇ ವಾದ್ಯಗಳು, ಏಕೆಂದರೆ ನಾಟಕಕ್ಕೆ ಅಷ್ಟು ಸಾಕು. ಸಿನಿಮಾದಲ್ಲಿ ಹಣವಿದೆ, ವಾದಕರಿದ್ದಾರೆ, ಆದರೂ ಅವರು ಆಯ್ಕೆ ಮಾಡಿ ಉಳಿದದ್ದನ್ನು ಹೊರಗಿಡುತ್ತಾರೆ. ಹೊರಗಿಡುವ ಧೈರ್ಯ ಬಾನುಲಿಯ ಸ್ಟುಡಿಯೋದಲ್ಲಿ ಬಂದದ್ದು.

ಮುಂದಿನ ಸಲ ಸೇರುವಾಗ ಹೀಗೆ ಮಾಡೋಣ. ಎಲ್ಲರಿಗೂ ಗೊತ್ತಿರುವ ಒಂದು ಏಕಾಂಕದಿಂದ ಎರಡು ಪುಟದ ಸಂಭಾಷಣೆ ಆರಿಸಿ, ವೇದಿಕೆ ಬಿಟ್ಟು, ಮೊಬೈಲಿನಲ್ಲಿ ದನಿ ಮಾತ್ರ ಮುದ್ರಿಸಿಕೊಳ್ಳಿ. ಸಂಗೀತ ಎಲ್ಲಿ ಬೇಕು ಎಂದು ಗುರುತು ಮಾಡುವ ಮೊದಲು ಎಲ್ಲಿ ಬೇಡ ಎಂದು ಗುರುತು ಮಾಡಿ. ಉಳಿದ ಜಾಗಗಳಿಗೆ ಒಂದೇ ತುಣುಕು, ಐದು ಸ್ವರಕ್ಕೆ ಮೀರದಂತೆ. ಅದನ್ನು ಮೊದಲ ಸಲ ಕ್ಲಾರಿನೆಟ್‌ನ ಕೆಳ ಸ್ಥಾಯಿಯಲ್ಲಿ ನುಡಿಸಿ. ಆ ಭಾಗದಲ್ಲಿ ಅದರ ನಾದ ಮರದ ಹಾಗೆ ಒಣಗಿ, ಗಂಭೀರವಾಗಿರುತ್ತದೆ. ಎರಡನೆಯ ಸಲ ಸ್ವರ ಬದಲಿಸಬೇಡಿ, ವಾದ್ಯ ಬದಲಿಸಿ: ಹಾರ್ಮೋನಿಯಂನಲ್ಲಿ, ತಿದಿಯನ್ನು ಮೆಲ್ಲಗೆ ಒತ್ತುತ್ತಾ. ಮೂರನೆಯ ಸಲ ಸ್ವರವನ್ನೇ ಬಿಟ್ಟು ಅದರ ಲಯವನ್ನು ಮಾತ್ರ ತಬಲಾದ ಎಡಗೈಯಲ್ಲಿ ಕೊಡಿ. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಗೆಳೆಯರು ಯಾರಾದರೂ ಬರುವುದಾದರೆ ಕರೆತನ್ನಿ. ದನಿ ತಗ್ಗಿಸಲು ವಾದ್ಯದ ಅಗಲ ಬಾಯಿಗೆ ಹಾಕುವ ಮ್ಯೂಟ್ ಇದ್ದರೆ ಅದನ್ನೂ ತರಲು ಹೇಳಿ.